ಎಂಜಿನ್ ತೊಳೆದಾಗ ನೀರು ಎಲ್ಲಿ ನಿಲ್ಲುತ್ತದೆ

ಮಳೆಯಲ್ಲಿ ಗಂಟೆಗಟ್ಟಲೆ ಓಡಿದರೂ ಒಮ್ಮೆಯೂ ತಡವರಿಸದ ಕಾರು, ಎಂಜಿನ್ ತೊಳೆದ ದಿನವೇ ನಡುಗುತ್ತಾ, ಮಿಸ್ ಹೊಡೆಯುತ್ತಾ, ಚೆಕ್ ಎಂಜಿನ್ ಎಂಬ ಹಳದಿ ದೀಪ ಹೊತ್ತಿಸಿಕೊಂಡು ನಿಂತುಬಿಡುವುದುಂಟು. ಇದನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಎಂಜಿನ್ನಿಗೆ ನೀರು ತಾಗಿಸಲೇಬಾರದು ಎನ್ನುವುದು ಒಂದು; ಮಳೆಗೆ ಆಗದ್ದು ತೊಳೆದರೆ ಆಗುವುದುಂಟೇ, ಬೇರೇನೋ ಕೆಟ್ಟಿರಬೇಕು ಎನ್ನುವುದು ಇನ್ನೊಂದು. ನನಗೆ ಎರಡೂ ಸರಿಯೆನಿಸುವುದಿಲ್ಲ. ಎಂಜಿನ್ ತೊಳೆಯಬಹುದು, ಕೆಲವೊಮ್ಮೆ ತೊಳೆಯಲೇಬೇಕು. ಆದರೆ ತೊಳೆಯುವವರಿಗೆ ನೀರು ಎಲ್ಲಿ ಹರಿದುಹೋಗುತ್ತದೆ ಎನ್ನುವುದಕ್ಕಿಂತ ಎಲ್ಲಿ ನಿಂತುಕೊಳ್ಳುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿರಬೇಕು. ತೊಳೆದ ಮೇಲೆ ಕಾಣಿಸುವ ತೊಂದರೆಗಳಲ್ಲಿ ಬಹುಪಾಲು ಆ ನಿಂತ ನೀರಿನಿಂದ ಹುಟ್ಟಿದವು, ಮತ್ತು ಆ ನೀರನ್ನು ಹೊರಗೆ ತೆಗೆದರೆ ಹೋಗುವಂಥವು.

ಮಳೆಯ ನೀರು ಎಂಜಿನ್ನನ್ನು ಮುಟ್ಟುವುದು ಹೆಚ್ಚಾಗಿ ಮುಂದಿನಿಂದ ಮತ್ತು ಕೆಳಗಿನಿಂದ, ಅದೂ ಹನಿಯಾಗಿ ಅಥವಾ ಎರಚಲಾಗಿ. ಮೇಲೆ ಬಾನೆಟ್ ಮುಚ್ಚಿರುತ್ತದೆ. ಓಡುವ ಎಂಜಿನ್ನಿನ ಬಿಸಿ ಮತ್ತು ರೇಡಿಯೇಟರ್ ಮೂಲಕ ನುಗ್ಗುವ ಗಾಳಿ ಸಿಡಿದ ಹನಿಗಳನ್ನು ಆಗಿಂದಾಗಲೇ ಒಣಗಿಸುತ್ತಿರುತ್ತವೆ. ಕನೆಕ್ಟರ್‌ಗಳು, ಅಂದರೆ ತಂತಿಗಳ ತುದಿಗಳನ್ನು ಕೂಡಿಸುವ ಜೋಡಣೆಗಳು, ಯಾವ ಕಡೆ ಬಾಗಿರಬೇಕು, ತಂತಿಗಳು ಎಲ್ಲಿ ಇಳಿಬಿದ್ದಿರಬೇಕು, ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಎಲ್ಲಿರಬೇಕು ಎಂಬುದನ್ನೆಲ್ಲ ವಿನ್ಯಾಸ ಮಾಡುವವರು ಇದೇ ದಿಕ್ಕಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡು ನಿರ್ಧರಿಸಿರುತ್ತಾರೆ. ತೊಳೆಯುವಾಗ ನಾವು ಮಾಡುವುದು ಇದಕ್ಕೆ ತಿರುವುಮುರುವು: ಬಾನೆಟ್ ಎತ್ತುತ್ತೇವೆ, ಎಂಜಿನ್ ಆರಿಸುತ್ತೇವೆ, ಮೇಲಿನಿಂದ ನೀರು ಬಿಡುತ್ತೇವೆ.

ಕನೆಕ್ಟರ್‌ಗಳಲ್ಲಿ ರಬ್ಬರ್ ಸೀಲು ಇರುತ್ತದಲ್ಲ, ಭಯವೇಕೆ ಎಂದು ಕೇಳುವವರಿದ್ದಾರೆ. ಸೀಲು ಏನನ್ನು ತಡೆಯುತ್ತದೆ ಎಂಬುದಕ್ಕೆ ನಿಶ್ಚಿತವಾದ ಅಳತೆಗಳಿವೆ. ಐಪಿ 67 ಎಂಬ ದರ್ಜೆಯ ಭಾಗವೆಂದರೆ ದೂಳು ಒಳಹೋಗದಂತಿದ್ದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದಂಥದ್ದು. ಒಂದು ಮೀಟರ್ ಆಳದ ನೀರು ಹಾಕುವ ಒತ್ತಡ ಸುಮಾರು 0.1 ಬಾರ್. ಮನೆಬಳಕೆಯ ಪ್ರೆಶರ್ ವಾಷರ್‌ಗಳಲ್ಲೇ 100 ಬಾರ್ ಮುಟ್ಟುವ, ಅದನ್ನು ದಾಟುವ ಯಂತ್ರಗಳು ಸಾಮಾನ್ಯ. ನಳಿಕೆಯಿಂದ ದೂರ ಹೋದಂತೆ ಧಾರೆಯ ಬಲ ಬೇಗನೆ ಕುಗ್ಗುತ್ತದೆ ಎಂಬುದು ನಿಜವಾದರೂ, ನಳಿಕೆಯನ್ನು ಹತ್ತಿರ ಹಿಡಿದರೆ ಸೀಲಿನ ಅಂಚಿಗೆ ಬೀಳುವ ಪೆಟ್ಟು ಅದನ್ನು ಪರೀಕ್ಷಿಸಿದ ಒತ್ತಡಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಂಥ ಧಾರೆಗಾಗಿಯೇ 80ರಿಂದ 100 ಬಾರ್ ಒತ್ತಡದ, 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಬೇರೆ ಪರೀಕ್ಷೆ ಇದೆ; ಅದರಲ್ಲಿ ತೇರ್ಗಡೆಯಾದ ಭಾಗಕ್ಕೆ ಮಾತ್ರ 9ರ ದರ್ಜೆ ಸಿಗುತ್ತದೆ. ಮುಳುಗಿದರೂ ಕೆಡದ ಭಾಗ ಧಾರೆಗೂ ಕೆಡುವುದಿಲ್ಲ ಎಂದು ಭಾವಿಸುವುದು ತಪ್ಪು. ಇದೆಲ್ಲ ಹೊಸ ಸೀಲಿನ ಮಾತು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಗಟ್ಟಿಯಾದ ರಬ್ಬರು, ಕೊಕ್ಕೆ ಮುರಿದು ಅರ್ಧ ಮಾತ್ರ ಕೂತಿರುವ ಕನೆಕ್ಟರು ಯಾವ ದರ್ಜೆಗೂ ಸೇರುವುದಿಲ್ಲ. ಆದ್ದರಿಂದ ಬಾನೆಟ್ಟಿನ ಅಡಿಗೆ ಪ್ರೆಶರ್ ವಾಷರ್ ತರುವುದನ್ನು ನಾನು ಒಪ್ಪುವುದಿಲ್ಲ. ತೋಟಕ್ಕೆ ಬಿಡುವ ಸಾಧಾರಣ ಪೈಪು, ಅದೂ ಚದುರಿದ ಮೆದು ಹನಿಯಲ್ಲಿ, ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಒತ್ತಡದಷ್ಟೇ ಮುಖ್ಯವಾದದ್ದು ಬಿಸಿ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಬಿದ್ದರೆ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ, ಬಿರುಕು ಬಿಡಬಹುದು ಎಂಬ ಎಚ್ಚರಿಕೆ ಬಹಳ ಮಂದಿಗೆ ಗೊತ್ತು. ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿಯಿದೆ. ಕನೆಕ್ಟರ್ ಮತ್ತು ಸೆನ್ಸರುಗಳ ಒಳಗೆ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. 90 ಡಿಗ್ರಿಯಲ್ಲಿರುವ ಆ ಗಾಳಿಯನ್ನು ನೀರು ಸುರಿದು ಥಟ್ಟನೆ 30 ಡಿಗ್ರಿಗೆ ಇಳಿಸಿದರೆ ಅದರ ಒತ್ತಡ ಸುಮಾರು ಆರನೇ ಒಂದು ಭಾಗ ಕುಸಿಯುತ್ತದೆ. ಆಗ ಆ ಭಾಗವು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳಲು ನೋಡುತ್ತದೆ. ಸೀಲಿನ ಸುತ್ತ ಆ ಕ್ಷಣದಲ್ಲಿ ಇರುವುದು ಗಾಳಿಯಲ್ಲ, ಸಾಬೂನಿನ ನೀರು. ಧಾರೆಯ ಬಲವೇ ಇಲ್ಲದೆ, ಬರೀ ತಣಿಯುವಿಕೆಯಿಂದಲೇ, ನೀರು ಸೀಲನ್ನು ದಾಟಿ ಒಳಸೇರುವ ದಾರಿ ಇದು. ಜಿಡ್ಡು ಬಿಡಿಸುವ ದ್ರಾವಣವಾದ ಡಿಗ್ರೀಸರ್ ಬಿಸಿಗೆ ತಾಗಿದ ತಕ್ಷಣ ಆರಿ ಕಲೆ ಕಟ್ಟುತ್ತದೆ ಎಂಬುದು ಇದರ ಮುಂದೆ ಸಣ್ಣ ಮಾತು. ಸೀಮೆಎಣ್ಣೆಯಿಂದ ಜಿಡ್ಡು ಬಿಡಿಸುವ ಹಳೆಯ ಅಭ್ಯಾಸ ಮಾತ್ರ ಸಣ್ಣ ಮಾತಲ್ಲ: ಸುಮಾರು 38 ಡಿಗ್ರಿ ದಾಟಿದರೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬಲ್ಲ ಎಣ್ಣೆ ಅದು, ಮತ್ತು ಆಗ ತಾನೇ ನಿಲ್ಲಿಸಿದ ಕಾರಿನ ಎಕ್ಸಾಸ್ಟ್ ಕೊಳವೆ ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಎಂಜಿನ್ನಿನ ಮೇಲೆ ಅಂಗೈ ಊರಿ ನಿರಾಳವಾಗಿ ಇಟ್ಟುಕೊಳ್ಳುವಂತಾಗುವವರೆಗೆ ಕಾಯುವುದೇ ಸರಿ. ಒಂದಿಷ್ಟು ಬೆಚ್ಚಗಿದ್ದರೆ ಜಿಡ್ಡು ಸಡಿಲವಾಗಲು ಅನುಕೂಲವೇ ಹೊರತು ತೊಂದರೆಯಿಲ್ಲ.

ತೊಳೆಯುವುದಾದರೂ ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಹೊಳಪಲ್ಲ. ಎಣ್ಣೆ ಮತ್ತು ದೂಳು ಕೂಡಿ ಗಟ್ಟಿಯಾದ ಪದರದ ಅಡಿಯಲ್ಲಿ ಹೊಸ ಸೋರಿಕೆ ಕಾಣುವುದಿಲ್ಲ. ಎಣ್ಣೆಯಲ್ಲಿ ನೆನೆದ ರಬ್ಬರ್ ಹೋಸುಗಳು ಉಬ್ಬಿ ಮೆತ್ತಗಾಗುತ್ತವೆ. ಮೂಲೆಗಳಲ್ಲಿ ಸೇರಿದ ಒಣ ಎಲೆ ಬಿಸಿಗೆ ಹೊತ್ತಿಕೊಳ್ಳಬಹುದು. ರಿಪೇರಿಗೆಂದು ಒಂದು ಭಾಗ ಬಿಚ್ಚಿದರೆ ಸುತ್ತಲಿನ ಮಣ್ಣು ತೆರೆದ ಎಂಜಿನ್ನಿನೊಳಕ್ಕೆ ಉದುರುತ್ತದೆ. ಇವು ತೊಳೆಯಲು ಸಾಕಷ್ಟು ಕಾರಣಗಳು. ಆದರೆ ಈಗಾಗಲೇ ಎಣ್ಣೆ ಸೋರುತ್ತಿದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ತೊಳೆಯುವ ಮುಂಚೆ ಒಮ್ಮೆ ಚೆನ್ನಾಗಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಬೇಕು. ಜಿಡ್ಡು ಎಲ್ಲಿ ದಪ್ಪವಾಗಿದೆ, ಎಲ್ಲಿ ಹಸಿಯಾಗಿದೆ ಎಂಬುದೇ ಸೋರಿಕೆಯ ಮೂಲವನ್ನು ತೋರಿಸುವ ಗುರುತು, ತೊಳೆದರೆ ಅದು ಅಳಿಸಿಹೋಗುತ್ತದೆ. ಹಳೆಯ ಕಾರು ಕೊಳ್ಳಲು ಹೋದಾಗ ಬಾನೆಟ್ಟಿನಡಿ ಎಲ್ಲವೂ ಫಳಫಳ ಹೊಳೆಯುತ್ತಿದ್ದರೆ ನಾನು ಖುಷಿಪಡುವ ಬದಲು ಇನ್ನಷ್ಟು ಹೊತ್ತು ನೋಡುವುದು ಈ ಕಾರಣಕ್ಕೇ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜನ್ನು ಒಯ್ಯುತ್ತವೆ. ಅಂಥ ಕಾರುಗಳ ಬಾನೆಟ್ಟಿನಡಿ ನೀರು ಬಿಡಲೇಬಾರದು, ಹಿಂಡಿದ ಬಟ್ಟೆಯಲ್ಲಿ ಒರೆಸುವುದೇ ಸಾಕು.

ಮೊದಲ ಅರ್ಧ ಕೆಲಸ ಒಣಗಿದ್ದಾಗಲೇ ಮುಗಿಯಬೇಕು. ಎಲೆ, ಕಡ್ಡಿ, ಇಲಿ ಕಟ್ಟಿದ ಗೂಡು ಇವನ್ನೆಲ್ಲ ಕೈಯಿಂದ ಆರಿಸಿ, ಸಡಿಲ ದೂಳನ್ನು ಬ್ರಷ್ಷಿನಿಂದ ಉದುರಿಸಬೇಕು. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಳೆನೀರು ಇಳಿದುಹೋಗುವ ಕಿಂಡಿಗಳಿರುತ್ತವೆ. ಅವು ಎಲೆಯಿಂದ ಕಟ್ಟಿಕೊಂಡಿದ್ದರೆ ತೊಳೆದ ನೀರು ಅಲ್ಲೇ ಕೆರೆ ಕಟ್ಟಿ, ಕಾರಿನೊಳಗಿನ ಬ್ಲೋವರಿನ ಕಡೆಗೋ ಕೆಲವು ಕಾರುಗಳಲ್ಲಿ ಅಲ್ಲೇ ಪಕ್ಕದಲ್ಲಿ ಕೂರಿಸಿರುವ ಕಂಟ್ರೋಲ್ ಯೂನಿಟ್ಟಿನ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ, ಕಡೆಗೋ ದಾರಿ ಹುಡುಕುತ್ತದೆ.

ಆಮೇಲೆ ಮುಚ್ಚುವ ಕೆಲಸ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ತನ್ನನ್ನು ತಣಿಸಿಕೊಳ್ಳಲು ಮೈತುಂಬ ಸೀಳುಗಳನ್ನಿಟ್ಟುಕೊಂಡಿರುವ ಭಾಗ, ಒಳಗೆ ಬ್ರಷ್, ಡಯೋಡ್, ಬೇರಿಂಗ್ ಎಲ್ಲ ಇರುತ್ತವೆ. ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಏರ್ ಫಿಲ್ಟರಿನ ಡಬ್ಬಿಯ ಬಾಯಿ, ಫ್ಯೂಸ್ ಬಾಕ್ಸ್, ಕಂಟ್ರೋಲ್ ಯೂನಿಟ್, ಬ್ಯಾಟರಿ, ಸ್ಪಾರ್ಕ್ ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ಗಳು ಇವಕ್ಕೂ ಅದೇ ರಕ್ಷಣೆ ಬೇಕು. ಎಂಜಿನ್ ಆಯಿಲಿನ ಮುಚ್ಚಳ ಬಿಗಿಯಾಗಿದೆಯೇ, ಡಿಪ್‌ಸ್ಟಿಕ್ ಪೂರ್ತಿ ಕೂತಿದೆಯೇ ಎಂದು ನೋಡಬೇಕು. ಬ್ರೇಕ್ ದ್ರವದ ಮುಚ್ಚಳವನ್ನು ಮರೆಯುವವರೇ ಹೆಚ್ಚು. ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ನೀರು ಸೇರಿದ ಸ್ಥಿತಿಯಲ್ಲಿ ಆ ಕನಿಷ್ಠ ಮಿತಿ 155 ಡಿಗ್ರಿ. ಸೇರಿದ ನೀರು ಎಂದರೆ ಎಷ್ಟು? ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ. ಸಡಿಲ ಮುಚ್ಚಳದ ಮೂಲಕ ಇಳಿದ ಸ್ವಲ್ಪವೇ ನೀರು ಮುಂದೆಂದೋ ಇಳಿಜಾರಿನಲ್ಲಿ ಬ್ರೇಕು ಕೈಕೊಡುವುದಕ್ಕೆ ಕಾರಣವಾಗಬಲ್ಲದು. ತೊಳೆಯುವಾಗ ಇಗ್ನಿಷನ್ ಆಫ್ ಆಗಿ ಕೀಲಿ ಹೊರಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದು ಇನ್ನೂ ಒಳ್ಳೆಯದು. ಅದನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು.

ತೊಳೆಯುವ ಕೆಲಸದ ಬಗ್ಗೆ ಹೇಳುವುದು ಕಡಿಮೆ. ನೀರಿನಲ್ಲಿ ಕರಗುವ ಸೌಮ್ಯ ಡಿಗ್ರೀಸರನ್ನು ಆರಿಸಿಕೊಳ್ಳಬೇಕು, ಏಕೆಂದರೆ ಕಾಸ್ಟಿಕ್ ಇರುವ ತೀಕ್ಷ್ಣ ದ್ರಾವಣಗಳು ಅಲ್ಯೂಮಿನಿಯಂ ಭಾಗಗಳನ್ನು ಕಪ್ಪಾಗಿಸುತ್ತವೆ. ನೆರಳಿನಲ್ಲಿ, ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿ, ಆರಲು ಬಿಡದೆ ಬ್ರಷ್ಷಿನಿಂದ ಉಜ್ಜಿ, ಮೇಲಿನಿಂದ ಕೆಳಕ್ಕೆ ಮೆದುವಾಗಿ ನೀರು ಬಿಟ್ಟರೆ ಆಯಿತು. ಎಂಜಿನ್ನಿನ ನೆತ್ತಿಯನ್ನು, ಅಂದರೆ ಕಾಯಿಲ್, ಇಂಜೆಕ್ಟರ್, ಕನೆಕ್ಟರುಗಳು ದಟ್ಟವಾಗಿರುವ ಭಾಗವನ್ನು, ಪೈಪಿನಿಂದ ತೊಳೆಯದೆ ಒದ್ದೆ ಬಟ್ಟೆ ಮತ್ತು ಸಣ್ಣ ಬ್ರಷ್ಷಿನಿಂದಲೇ ಶುಚಿಮಾಡುವುದನ್ನು ನಾನು ಇಷ್ಟಪಡುತ್ತೇನೆ. ಪೈಪಿನ ನೀರು ಬೇಕಾಗುವುದು ಪಕ್ಕಗಳಿಗೆ ಮತ್ತು ಅಡಿಗೆ ಮಾತ್ರ. ಇಳಿದುಬರುವ ಎಣ್ಣೆನೀರು ಮಳೆನೀರಿನ ಚರಂಡಿಗೆ ಹೋದರೆ ನೇರವಾಗಿ ಕೆರೆ, ಹೊಳೆ ಸೇರುತ್ತದೆ. ಅದನ್ನು ಹಿಡಿದು ಬೇರ್ಪಡಿಸುವ ವ್ಯವಸ್ಥೆಯಿರುವ ಕಡೆಯಲ್ಲೇ ಈ ಕೆಲಸ ಮಾಡಬೇಕು.

ಒಣಗಿಸುವುದಕ್ಕೆ ತೊಳೆದದ್ದಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ಒರೆಸಿದ ಮೇಲೆ ಕಣ್ಣಿಗೆ ಕಾಣುವ ನೀರು ಹೋಗಿರುತ್ತದೆ, ನಿಂತ ನೀರು ಹಾಗೇ ಇರುತ್ತದೆ. ಅದು ಇರುವುದು ಎಂಜಿನ್ ನೆತ್ತಿಯ ತಗ್ಗುಗಳಲ್ಲಿ, ಬೋಲ್ಟುಗಳ ಗುಳಿಗಳಲ್ಲಿ, ಕನೆಕ್ಟರಿನ ಹಿಂಬದಿಯಲ್ಲಿ ತಂತಿ ಒಳಹೋಗುವ ಕಡೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸ್ಪಾರ್ಕ್ ಪ್ಲಗ್ಗುಗಳು ಕೂತಿರುವ ಆಳವಾದ ಕುಳಿಗಳಲ್ಲಿ. ಹದವಾದ ಒತ್ತಡದ ಗಾಳಿಯನ್ನು ಸೀಲಿಗೆ ನೇರವಾಗಿ ಹೊಡೆಯದೆ ಓರೆಯಾಗಿ ಬಿಡುತ್ತಾ, ಹಾರಿದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯುತ್ತಾ ಒಂದೊಂದು ಮೂಲೆಗೂ ಹೋಗಬೇಕು. ಮುಚ್ಚಿದ್ದ ಪ್ಲಾಸ್ಟಿಕ್ಕನ್ನು ಎಲ್ಲ ತೆಗೆದಿದ್ದೇವೆಯೇ ಎಂದು ಮತ್ತೊಮ್ಮೆ ನೋಡಿ, ಬಾನೆಟ್ ತೆರೆದೇ ಗಾಳಿಯಾಡಲು ಬಿಟ್ಟು, ಕೊನೆಗೆ ಎಂಜಿನ್ ಚಾಲೂ ಮಾಡಿ 15-20 ನಿಮಿಷ ನಿಂತಲ್ಲೇ ಓಡಿಸಬೇಕು. ಉಳಿದ ಪಸೆಯನ್ನು ಎಂಜಿನ್ನಿನ ಬಿಸಿಯೇ ಹಾರಿಸುತ್ತದೆ. ಆದರೆ ಕುಳಿಯಲ್ಲಿ ಕಾಣುವಷ್ಟು ನೀರಿರುವಾಗ ಬಿಸಿಗೆ ಆರಲಿ ಎಂದು ಚಾಲೂ ಮಾಡುವುದು ಸರಿಯಲ್ಲ.

ಇಷ್ಟಾದ ಮೇಲೂ ಎಂಜಿನ್ ನಡುಗಿದರೆ ಮೊದಲ ಅನುಮಾನ ಆ ಕುಳಿಗಳ ಮೇಲೆಯೇ. ಇಂದಿನ ಬಹುತೇಕ ಪೆಟ್ರೋಲ್ ಎಂಜಿನ್ನುಗಳಲ್ಲಿ ಪ್ಲಗ್ ಸಿಲಿಂಡರ್ ಹೆಡ್ಡಿನ ನಡುವೆ ಕಿರುಬಾವಿಯಂಥ ಕುಳಿಯ ತಳದಲ್ಲಿರುತ್ತದೆ, ಅದರ ಮೇಲೆ ಕಾಯಿಲ್ಲಿನ ಉದ್ದನೆಯ ರಬ್ಬರ್ ಬೂಟು ಇಳಿದಿರುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು 20,000 ವೋಲ್ಟಿಗೂ ಮೀರಿದ ವಿದ್ಯುತ್ ಬೇಕಾಗುತ್ತದೆ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲ, ಆದರೆ ನಲ್ಲಿಯ ನೀರಿನಲ್ಲಿ ಲವಣಗಳಿವೆ, ತೊಳೆದ ನೀರಿನಲ್ಲಿ ಡಿಗ್ರೀಸರೂ ಮಣ್ಣೂ ಸೇರಿವೆ. ಬೂಟಿನ ಮೈಮೇಲೆ ಅಂಥ ನೀರಿನ ತೆಳುವಾದ ಪದರ ಸಿಕ್ಕಿದರೆ ವಿದ್ಯುತ್ತು ಪ್ಲಗ್ಗಿನ ತುದಿಯ ಸೀಳನ್ನು ಹಾರುವ ಕಷ್ಟವನ್ನೇ ಬಿಟ್ಟು, ಆ ಪದರದ ಮೂಲಕ ಪಕ್ಕದ ಲೋಹಕ್ಕೆ ಇಳಿದುಹೋಗುತ್ತದೆ. ಆ ಸಿಲಿಂಡರಿನಲ್ಲಿ ಇಂಧನ ಉರಿಯುವುದಿಲ್ಲ, ಎಂಜಿನ್ ಮಿಸ್ ಹೊಡೆಯುತ್ತದೆ. ಸ್ಕ್ಯಾನರ್ ಜೋಡಿಸಿದರೆ ಯಾವ ಸಿಲಿಂಡರೆಂದು ಹೇಳದೆ ಮಿಸ್ ಆಗುತ್ತಿದೆ ಎಂದಷ್ಟೇ ಹೇಳುವ ಪಿ0300 ಎಂಬ ಕೋಡ್ ಕಾಣಬಹುದು, ಅಥವಾ ಮೊದಲ ಸಿಲಿಂಡರಾದರೆ ಪಿ0301, ಎರಡನೆಯದಾದರೆ ಪಿ0302, ಹೀಗೆ ಯಾವ ಕುಳಿಯನ್ನು ಮೊದಲು ನೋಡಬೇಕೆಂಬುದನ್ನೇ ಕೋಡು ಹೇಳುತ್ತದೆ.

ಈ ಹೊತ್ತಿನಲ್ಲಿ ಎಂಜಿನ್ ಬಿಸಿಯಾದರೆ ತಾನೇ ಸರಿಹೋಗುತ್ತದೆ ಎಂದು ಕಾರನ್ನು ರಸ್ತೆಗೆ ಒಯ್ಯುವುದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿಯದೆ ಮಿನುಗುತ್ತಿದ್ದರೆ, ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವಷ್ಟು ಮಿಸ್ ಆಗುತ್ತಿದೆ ಎಂದರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ, ಅದರ ಒಳಗಿನ ಜೇನುಗೂಡಿನಾಕಾರದ ಸೆರಾಮಿಕ್ ಕರಗುವಷ್ಟು ಬಿಸಿ ಏರುತ್ತದೆ. ಗಾಳಿಯಲ್ಲಿ ಆರಿಸಬಹುದಾಗಿದ್ದ ನೀರಿಗಾಗಿ ಎಂಜಿನ್ನಿನ ಅತಿ ದುಬಾರಿ ಭಾಗಗಳಲ್ಲೊಂದನ್ನು ಕಳೆದುಕೊಳ್ಳುವುದು ಹೀಗೆ.

ಸರಿಪಡಿಸುವ ಕ್ರಮದಲ್ಲಿ ಒಂದೇ ಒಂದು ಹೆಜ್ಜೆ ಹಿಂದುಮುಂದಾಗಬಾರದು. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಕಾಯಿಲ್ಲಿನ ಕನೆಕ್ಟರ್ ತೆಗೆದು, ಬೋಲ್ಟು ಬಿಚ್ಚಿ, ಬೂಟನ್ನು ಮೆಲ್ಲಗೆ ತಿರುಗಿಸುತ್ತಾ ಮೇಲೆಳೆಯಬೇಕು. ಕುಳಿಯಲ್ಲಿ ನೀರು ಕಂಡರೆ ಮೊದಲು ಆ ನೀರನ್ನು ಗಾಳಿಯಿಂದ ಊದಿ ಅಥವಾ ಬಟ್ಟೆಗೆ ಹೀರಿಸಿ ಪೂರ್ತಿ ತೆಗೆಯಬೇಕು. ನೀರಿರುವಾಗಲೇ ಪ್ಲಗ್ ಬಿಚ್ಚಿದರೆ ಅದು ಸಿಲಿಂಡರಿನೊಳಗೇ ಇಳಿಯುತ್ತದೆ. ಬೂಟನ್ನು ಒರೆಸಿ, ಬಿಸಿಲಿಗೆ ಹಿಡಿದು ನೋಡಬೇಕು: ಅದರ ಮೈಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ವಿದ್ಯುತ್ತು ಅಲ್ಲಿ ಹಾದಿ ಸುಟ್ಟುಕೊಂಡಿದೆ, ಒಣಗಿಸಿದರೂ ಅದು ಅದೇ ಹಾದಿಯಲ್ಲಿ ಹರಿಯುತ್ತದೆ, ಆ ಬೂಟನ್ನು ಬದಲಿಸಲೇಬೇಕು. ಗೆರೆ ಇಲ್ಲದಿದ್ದರೆ ಬೂಟಿನ ಬಾಯಿಯ ಒಳ ಅಂಚಿಗೆ ತೆಳುವಾಗಿ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮತ್ತೆ ಕೂರಿಸಿದರೆ ಸಾಕು. ಆ ಗ್ರೀಸ್ ವಿದ್ಯುತ್ ಹರಿಸುವುದಿಲ್ಲ. ಅದರ ಕೆಲಸ ನೀರನ್ನು ದೂರವಿಡುವುದಷ್ಟೇ. 1953ರಲ್ಲಿ ಲೋಹದ ಮೇಲಿನ ತೇವವನ್ನು ಹೊರತಳ್ಳಲೆಂದೇ ರೂಪುಗೊಂಡ ಡಬ್ಲ್ಯುಡಿ-40ಯನ್ನು ಹಲವರು ಇಲ್ಲಿ ಧಾರಾಳವಾಗಿ ಸಿಂಪಡಿಸುತ್ತಾರೆ. ಅದು ನೀರನ್ನು ಸರಿಸುತ್ತದೆ ನಿಜ, ಆದರೆ ಹೊತ್ತಿಕೊಳ್ಳುವ ದ್ರವ, ಗ್ರೀಸಿನಂತೆ ನಿಲ್ಲುವಂಥದ್ದೂ ಅಲ್ಲ. ಬಳಸಿದರೂ ಪೂರ್ತಿ ಆರಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು.

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಚಾಲೂ ಮಾತ್ರ ಆಗುವುದಿಲ್ಲ ಎಂದಾದರೆ ಎಂಜಿನ್ನಿನ ತಿರುಗುವ ದಂಡದ ಸ್ಥಾನವನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರನ್ನು ಬಿಚ್ಚಿ ನೋಡಬೇಕು; ಆ ಸೆನ್ಸರಿನ ಸಂಕೇತ ಸಿಗದೆ ಕಂಪ್ಯೂಟರು ಕಿಡಿಯನ್ನೂ ಇಂಧನವನ್ನೂ ಯಾವಾಗ ಬಿಡಬೇಕೆಂದು ಲೆಕ್ಕ ಹಾಕಲಾರದು. ಬೆಲ್ಟು ಕಿರುಚಿದರೆ ಬರೀ ನೀರಾಗಿದ್ದಲ್ಲಿ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ಡಿಗ್ರೀಸರ್ ಅಥವಾ ಹೊಳಪಿಗೆಂದು ಹಚ್ಚಿದ ಸಿಲಿಕೋನ್ ಸ್ಪ್ರೇ ಬೆಲ್ಟಿಗೆ ತಾಗಿರಬಹುದು. ಬ್ಯಾಟರಿ ದೀಪ ಹೊತ್ತಿಕೊಂಡರೆ ಆಲ್ಟರ್ನೇಟರನ್ನು ಒಣಗಿಸಿ ನೋಡಬೇಕು. ಏರ್ ಫಿಲ್ಟರಿನ ಕಾಗದ ಒದ್ದೆಯಾಗಿದ್ದರೆ ಬದಲಿಸುವುದೇ ಉತ್ತಮ, ಮತ್ತು ಅದರಾಚೆ ಕೊಳವೆಯಲ್ಲಿ ನೀರು ನಿಂತಿದ್ದರೆ ಎಂಜಿನ್ ತಿರುಗಿಸುವ ಯೋಚನೆಯನ್ನೇ ಮಾಡಬಾರದು. ಗಾಳಿಯನ್ನು ಅದುಮಿದಂತೆ ನೀರನ್ನು ಅದುಮಲಾಗುವುದಿಲ್ಲ, ಸಿಲಿಂಡರಿನಲ್ಲಿ ಸಿಕ್ಕ ನೀರು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡನ್ನೇ ಬಾಗಿಸಬಲ್ಲದು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಗೋಜು ಇಲ್ಲವಾದರೂ ಇಂಜೆಕ್ಟರುಗಳ ಸುತ್ತಲ ತಗ್ಗಿನಲ್ಲಿ ನೀರು ನಿಂತರೆ ತುಕ್ಕು ಹಿಡಿದು, ಮುಂದೆ ಇಂಜೆಕ್ಟರ್ ಬಿಚ್ಚಬೇಕಾದಾಗ ಅದು ಕದಲುವುದೇ ಇಲ್ಲ.

ಕನೆಕ್ಟರುಗಳನ್ನು ಒಣಗಿಸುವಾಗ ಎಕ್ಸಾಸ್ಟ್ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನದನ್ನು ಬೇರೆಯಾಗಿ ನೋಡಬೇಕು. ಈ ಸೆನ್ಸರುಗಳಲ್ಲಿ ಹಲವು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ತಮ್ಮ ತಂತಿಯ ಹೊದಿಕೆಯ ಮೂಲಕವೇ ಎಳೆದುಕೊಳ್ಳುತ್ತವೆ. ಆ ಕನೆಕ್ಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಸುರಿಯುವುದು, ಗ್ರೀಸ್ ತುಂಬುವುದು ಬೇಡ. ಬಿಚ್ಚಿ ಗಾಳಿಗೆ ಆರಲು ಬಿಟ್ಟರೆ ಸಾಕು. ಉಳಿದವಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ, ಸೀಲು ಮಡಚಿಕೊಳ್ಳದಂತೆ ಕ್ಲಿಕ್ ಎಂಬ ಸದ್ದು ಬರುವವರೆಗೆ ಒತ್ತಬೇಕು.

ಎಂಜಿನ್ ಅಂದು ಸುಗಮವಾಗಿ ಓಡಿತೆಂದರೆ ನೀರು ಎಲ್ಲೂ ಉಳಿದಿಲ್ಲ ಎಂದಲ್ಲ. ಕನೆಕ್ಟರಿನ ಒಳಗೆ ಸಿಕ್ಕ ಹನಿ ಮೊದಲ ದಿನ ಏನೂ ಮಾಡದಿರಬಹುದು, ವಾರಗಳ ಮೇಲೆ ಅದು ತಾಮ್ರದ ಮೇಲೆ ಹಸಿರು ಕಿಲುಬಾಗಿ ಕೂರುತ್ತದೆ. ಆಗ ಬರುವ ತೊಂದರೆ ಬಂದುಹೋಗುವ ಸ್ವಭಾವದ್ದು: ಗುಂಡಿಯ ಮೇಲೆ ಹಾದಾಗ ಒಮ್ಮೆ ದೀಪ ಹೊತ್ತುತ್ತದೆ, ಮಾರನೆಯ ದಿನ ಇರುವುದಿಲ್ಲ, ಸೆನ್ಸರ್ ಬದಲಿಸಿದರೂ ಮರಳಿ ಬರುತ್ತದೆ. ತೊಳೆದದ್ದನ್ನು ಅಷ್ಟು ಹೊತ್ತಿಗೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ, ಹೀಗಾಗಿ ಕೆಡದ ಭಾಗಗಳೆಲ್ಲ ಬದಲಾಗುತ್ತಾ ಹೋಗುತ್ತವೆ. ತೊಳೆದ ತಿಂಗಳೊಪ್ಪತ್ತಿನಲ್ಲಿ ಒಮ್ಮೆ ಬಾನೆಟ್ ಎತ್ತಿ, ಇಗ್ನಿಷನ್ ಆಫ್ ಮಾಡಿ, ನೀರು ಬಿದ್ದಿದ್ದ ಕಡೆಯ ಕನೆಕ್ಟರುಗಳನ್ನೂ ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತಿಂಗ್ ತಂತಿಯ ತುದಿಗಳನ್ನೂ ಬಿಚ್ಚಿ ನೋಡುವುದು ಒಳ್ಳೆಯದು. ಕಿಲುಬು ಪಿನ್ನಿನ ಮೇಲೆ ಮಾತ್ರ ಇದ್ದರೆ ಸಣ್ಣ ಬ್ರಷ್ಷು ಮತ್ತು ಕ್ಲೀನರಿನಿಂದ ಹೋಗುತ್ತದೆ. ಅದು ತಂತಿಯ ಹೊದಿಕೆಯ ಒಳಕ್ಕೆ ಹತ್ತಿ ತಾಮ್ರದ ಎಳೆಗಳು ಕಪ್ಪಾಗಿದ್ದರೆ, ಹೊಳೆಯುವ ತಾಮ್ರ ಕಾಣುವವರೆಗೆ ಆ ತುಂಡನ್ನು ಕತ್ತರಿಸಿ, ಹೊಸ ಪಿನ್ನನ್ನೂ ಹೊಸ ಸೀಲನ್ನೂ ಹಾಕಿ ಜೋಡಿಸಬೇಕು.